ಹೊಸ ಡಿಸ್ಕಿನ ಮೇಲೆ ಹೊರಿಸಿದ ಅಪವಾದ

ಬ್ರೇಕ್ ಡಿಸ್ಕ್, ಅಂದರೆ ಚಕ್ರದೊಂದಿಗೆ ತಿರುಗುವ ಉಕ್ಕಿನ ತಟ್ಟೆ, ಬದಲಾಯಿಸಿದ ಮೇಲೆ ಬೈಕಿನ ಮುಂದಿನ ಚಕ್ರ ಬಿಗಿಯಾಗಿ ತಿರುಗುತ್ತಿದೆ ಎಂದು ಯಾರ ಬಳಿಯಾದರೂ ಹೇಳಿ ನೋಡಿ, ಬೆಳಗಾವಿಯಲ್ಲಿ ಮೂರು ಬಗೆಯ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಹೊಸದಲ್ಲವೇ, ಸ್ವಲ್ಪ ಓಡಿಸಿ, ತಾನೇ ಸರಿಯಾಗುತ್ತದೆ ಎನ್ನುವವರು ಮೊದಲನೆಯವರು. ಡಿಸ್ಕೇ ಬೆಂಡು, ಬೇರೆ ತನ್ನಿ ಎನ್ನುವವರು ಎರಡನೆಯವರು. ಮೂರನೆಯವರು ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಡೆ ಕೈ ತೋರಿಸಿ, ಲೋಹ ಕಡೆಯುವ ಲೇತ್‌ಗೆ ಕೊಟ್ಟು ಒಂದು ಕಟ್ ಹೊಡೆಸಿಬಿಡಿ ಎನ್ನುತ್ತಾರೆ. ನಮ್ಮೂರಿನಲ್ಲಿ ಲೇತ್ ಎಂದರೆ ಸಕಲ ರೋಗಕ್ಕೂ ಮದ್ದು. ನಾನು ಅದೇ ಉದ್ಯಮಬಾಗದ ಒಂದು ಮಷೀನ್ ಶಾಪ್‌ನ ತಪಾಸಣೆ ವಿಭಾಗದಲ್ಲಿದ್ದೇನೆ. ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುವುದು ನನ್ನ ಕೆಲಸ. ಅಳೆಯದೆ ಯಾವ ವಸ್ತುವಿನ ಮೇಲಾದರೂ ತಪ್ಪು ಹೊರಿಸಿದರೆ ನನಗೆ ತಡೆಯಲಾಗುವುದಿಲ್ಲ. ಈ ಬರಹ ಹುಟ್ಟಿದ್ದೂ ಆ ಸಿಟ್ಟಿನಿಂದಲೇ.

ಬೈಕು ಅಪ್ಪನದು. 150 ಸಿಸಿ, ಅಲಾಯ್ ಚಕ್ರ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಡೋಲಿಯ ಹೊಲಕ್ಕೂ ಮನೆಗೂ ನಡುವೆ ಅದರ ಆಯುಷ್ಯ ಕಳೆಯುತ್ತಿದೆ. ಹಳೆಯ ಡಿಸ್ಕ್ ಸವೆದಿದ್ದು ನಿಜ. ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ದಿಬ್ಬ ಎದ್ದಿತ್ತು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪವನ್ನು ಒತ್ತಿ ಬರೆದಿರುತ್ತಾರೆ. ಇದರ ಮೇಲಿದ್ದದ್ದು 3.5 ಮಿ.ಮೀ., ಮೈಕ್ರೋಮೀಟರ್ ತೋರಿಸಿದ್ದು 3.2. ಆದ್ದರಿಂದ ಬದಲಾಯಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಅಪ್ಪನಿಗೆ ಪರಿಚಯವಿದ್ದ ಒಂದು ಗ್ಯಾರೇಜಿನಲ್ಲಿ ಹೊಸ ಡಿಸ್ಕ್, ಜೊತೆಗೆ ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಹೊಸ ಪ್ಯಾಡ್ ಹಾಕಿದರು. ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ಹಾಕಬಾರದು, ಅದರ ಮೈಯಲ್ಲಿ ಹಳೆಯ ಡಿಸ್ಕಿನ ಗೀರುಗಳೆಲ್ಲ ಅಚ್ಚಾಗಿರುತ್ತವೆ. ಅಷ್ಟರ ಮಟ್ಟಿಗೆ ಅವರು ಮಾಡಿದ್ದು ಸರಿ.

ಆದರೆ ಬೈಕು ಮನೆಗೆ ಬಂದದ್ದು ದೂರುಗಳ ಮೂಟೆಯೊಂದಿಗೆ. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಸಲ ‘ಸರ್’ ಎಂದು ಉಜ್ಜುವ ಸದ್ದು. ನಿಧಾನ ಮಾಡುವಾಗ ಬ್ರೇಕ್ ಲಿವರ್ ಬೆರಳಿನ ಕೆಳಗೆ ಮಿಡಿಯುತ್ತಿತ್ತು. ಮೊದಲ ಸಲ ಹಿಡಿದಾಗ ಲಿವರ್ ಆಳಕ್ಕೆ ಹೋಗುತ್ತಿತ್ತು, ಎರಡನೇ ಸಲಕ್ಕೆ ಗಟ್ಟಿಯಾಗುತ್ತಿತ್ತು. ಹೊಲದಿಂದ ಬಂದು ನಿಲ್ಲಿಸಿದಾಗ ಡಿಸ್ಕ್ ಮುಟ್ಟಲಾರದಷ್ಟು ಬಿಸಿ. ರಸ್ತೆಯ ಗುಂಡಿಗಳಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಗಡುಸಾಗಿ ಕುಣಿಯುತ್ತಿತ್ತು. ಇಷ್ಟೆಲ್ಲ ಹೇಳಿ ಮುಗಿಸಿದ ಅಪ್ಪ ಕೊನೆಯಲ್ಲಿ, “ಮೀಟರ್ ಮುಳ್ಳು ಕೂಡ ಏಳುತ್ತಿಲ್ಲ ಅವ್ವಾ, ಆದರೆ ಅದು ಬೇರೆ ವಿಷಯ ಬಿಡು” ಎಂದರು.

ಅದು ಬೇರೆ ವಿಷಯವಾಗಿರಲಿಲ್ಲ. ಆದರೆ ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬ್ರೇಕು ಬಿಡುವ ಬಗೆಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನ ಅಳತೆಗಳಿಗೆ ಅರ್ಥವಿಲ್ಲ. ಡಿಸ್ಕಿನ ಅಂಚನ್ನು ಕವಿದು ಕೂರುವ ಕ್ಯಾಲಿಪರಿನೊಳಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಇರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್‌ಅನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಕ್ಯಾಲಿಪರಿನಲ್ಲಿ ಇರುವುದಿಲ್ಲ. ಪಿಸ್ಟನ್ ಸುತ್ತ ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಸೀಲ್ ಇರುತ್ತದೆ. ಒತ್ತಡದಲ್ಲಿ ಪಿಸ್ಟನ್ ಮುಂದೆ ಹೋದಾಗ ಆ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಹೋದಾಗ ಮತ್ತೆ ನೆಟ್ಟಗಾಗುತ್ತಾ ಪಿಸ್ಟನ್‌ಅನ್ನು ತನ್ನೊಂದಿಗೆ ಹಿಂದಕ್ಕೆ ಒಯ್ಯುತ್ತದೆ. ಒಯ್ಯುವುದು ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಮಾತ್ರ. ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಜಾಗ ಅಷ್ಟೇ. ಡಿಸ್ಕ್ ಅದಕ್ಕಿಂತ ಹೆಚ್ಚು ಓಲಾಡಿದರೆ ಪ್ರತಿ ಸುತ್ತಿಗೂ ಪ್ಯಾಡನ್ನು ತಳ್ಳುತ್ತಾ ಹೋಗುತ್ತದೆ, ಪಿಸ್ಟನ್ ಬೇಕಾದುದಕ್ಕಿಂತ ಹಿಂದೆ ಸರಿಯುತ್ತದೆ, ಮುಂದಿನ ಸಲ ಲಿವರ್ ಹಿಡಿದಾಗ ಮೊದಲ ಹಿಡಿತ ಆ ಖಾಲಿ ಜಾಗವನ್ನು ತುಂಬುವುದರಲ್ಲೇ ವ್ಯರ್ಥವಾಗುತ್ತದೆ. ಇದನ್ನು ‘ಬ್ರೇಕಿನಲ್ಲಿ ಗಾಳಿ ಸೇರಿದೆ’ ಎಂದು ತಿಳಿದು ಆಯಿಲ್ ಬದಲಿಸುತ್ತಾ ಕೂರುವವರಿದ್ದಾರೆ. ಗಾಳಿ ಸೇರಿದ್ದರೆ ಲಿವರ್ ಸ್ಪಂಜಿನಂತೆ ಮೆತ್ತಗಿರುತ್ತದೆ. ಇಲ್ಲಿ ಹಾಗಿರಲಿಲ್ಲ, ಎರಡನೇ ಹಿಡಿತ ಕಲ್ಲಿನಂತಿತ್ತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದೆವು. ಕೈಯಿಂದ ತಿರುಗಿಸಿದರೆ ಎರಡು ಬೇರೆ ಬೇರೆ ತಡೆ ಸಿಕ್ಕವು: ಒಂದು ಸುತ್ತಿಗೊಮ್ಮೆ ಬರುವ ಉಜ್ಜುವಿಕೆ, ಇನ್ನೊಂದು ಸುತ್ತಿನುದ್ದಕ್ಕೂ ಇರುವ ಬಿಗಿ. ಸುತ್ತಿಗೊಮ್ಮೆ ಬರುವುದು ತಿರುಗುವ ವಸ್ತುವಿನ ದೋಷ, ಅಂದರೆ ಡಿಸ್ಕ್ ಅಥವಾ ಡಿಸ್ಕ್ ಕುಳಿತ ಹಬ್, ಚಕ್ರದ ನಡುಭಾಗ. ಉದ್ದಕ್ಕೂ ಇರುವುದು ನಿಂತ ವಸ್ತುವಿನ ದೋಷ: ಕ್ಯಾಲಿಪರ್, ಅದರ ಪಿನ್ನು, ಚಕ್ರದ ಅಚ್ಚಾದ ಆ್ಯಕ್ಸಲ್, ಬೇರಿಂಗ್. ಎರಡನ್ನೂ ಕೂಡಿಸಿ ‘ಚಕ್ರ ಜಾಮ್’ ಎಂದು ಹೇಳಿದ ಕ್ಷಣವೇ ರೋಗಪರೀಕ್ಷೆ ಹಾಳಾಗುತ್ತದೆ.

ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿ ಅದನ್ನು ತಂತಿಯಿಂದ ಹ್ಯಾಂಡಲ್ಲಿಗೆ ನೇತು ಹಾಕಿದೆ. ಹೋಸ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಪ್ಯಾಡುಗಳ ನಡುವೆ ಒಂದು ಮರದ ಚಕ್ಕೆ ಸಿಕ್ಕಿಸಿ, ಲಿವರ್ ಮುಟ್ಟಬೇಡಿ ಎಂದು ಅಪ್ಪನಿಗೆ ಹೇಳಿದೆ. ಡಿಸ್ಕ್ ಇಲ್ಲದಿರುವಾಗ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬರುತ್ತದೆ. ಈಗ ಚಕ್ರ ತಿರುಗಿಸಿದರೆ ಉಜ್ಜುವ ಸದ್ದು ಹೋಯಿತು, ಬಿಗಿ ಮಾತ್ರ ಸ್ವಲ್ಪ ಉಳಿಯಿತು. ಬ್ರೇಕೇ ಇಲ್ಲದಿರುವಾಗಲೂ ಚಕ್ರ ಬಿಗಿ ಎಂದರೆ ಆ ಬಿಗಿಗೂ ಡಿಸ್ಕಿಗೂ ಸಂಬಂಧವಿಲ್ಲ.

ಅಪ್ಪನ ‘ಬೇರೆ ವಿಷಯ’ ಇಲ್ಲಿ ಕೆಲಸಕ್ಕೆ ಬಂತು. ಈ ಬೈಕಿನಲ್ಲಿ ಡಿಸ್ಕ್ ಬಲಕ್ಕೆ, ಸ್ಪೀಡೋಮೀಟರ್ ಕೇಬಲ್ ಎಡಕ್ಕೆ. ಕೇಬಲ್ ಬಂದು ಸೇರುವ ಡಬ್ಬಿಯೊಳಗೆ ಒಂದು ಗೇರ್ ಇದೆ. ಅದನ್ನು ತಿರುಗಿಸುವ ಎರಡು ಕಿವಿಗಳು ಹಬ್ಬಿನ ಎರಡು ತೋಡುಗಳಲ್ಲಿ ಕೂರಬೇಕು. ಡಬ್ಬಿಯ ಹೊರಮೈಯಲ್ಲಿರುವ ಕಚ್ಚು ಶಾಕ್‌ನ ಕಾಲಿನ ಮೇಲಿರುವ ಉಬ್ಬಿಗೆ ಹೊಂದಬೇಕು. ಚಕ್ರ ಹಾಕುವಾಗ ಕಿವಿಗಳು ತೋಡಿಗೆ ಇಳಿದಿವೆಯೇ ಎಂದು ನೋಡದೆ ಆ್ಯಕ್ಸಲ್ ನಟ್ ಬಿಗಿದರೆ ಕಿವಿಗಳು ಮಡಚಿಕೊಳ್ಳುತ್ತವೆ, ಡಬ್ಬಿ ಪೂರ್ತಿ ಕೂರದೆ ಹೊರಗೇ ಉಳಿಯುತ್ತದೆ. ಆ್ಯಕ್ಸಲ್ ಎಳೆದು ನೋಡಿದರೆ ಆಗಿದ್ದು ಅದೇ. ಎರಡೂ ಕಿವಿಗಳು ನೆಲಕ್ಕೆ ಮಲಗಿದ್ದವು. ಮೀಟರ್ ಸತ್ತದ್ದು ಅದರಿಂದ. ಚಕ್ರ ಬಿಗಿಯಾದದ್ದು ಅದರಿಂದ. ಡಬ್ಬಿ ಹೊರಗುಳಿದಷ್ಟು ಶಾಕ್‌ನ ಎರಡು ಕಾಲುಗಳು ಬುಡದಲ್ಲಿ ಅಗಲವಾಗಿ, ಮೇಲೆ ಕೆಳಗೆ ಜಾರುವಾಗ ಒಂದಕ್ಕೊಂದು ಹಟ ಮಾಡುತ್ತಿದ್ದವು. ಶಾಕ್ ಗಡುಸಾದದ್ದೂ ಅದರಿಂದ. ಕಾಲು ಓರೆಯಾದರೆ ಅದಕ್ಕೆ ಕಟ್ಟಿದ ಕ್ಯಾಲಿಪರ್ ಡಿಸ್ಕಿಗೆ ಓರೆಯಾಗುವುದಂತೂ ಖಚಿತ. ಮಡಚಿದ ಕಿವಿಯನ್ನು ಇಕ್ಕಳದಲ್ಲಿ ಎತ್ತಿ ನಿಲ್ಲಿಸಬಹುದು, ಆದರೆ ಅದು ಮತ್ತೆ ಮುರಿಯುತ್ತದೆ. ಬೆಲೆ ದೊಡ್ಡದಲ್ಲ, ಪೇಟೆಯಲ್ಲಿ ಸಿಗುತ್ತದೆ, ಹೊಸದನ್ನೇ ತಂದೆ.

ಹೊಸ ಗೇರ್ ಹಾಕಿ, ಬಲಗಡೆ ಆ್ಯಕ್ಸಲ್ ಮೇಲೆ ಕೂರುವ ಕಾಲರ್ ಎಂಬ ಬಳೆಯ ಸರಿಯಾದ ಮುಖ ಒಳಗಿಟ್ಟು, ಕ್ಯಾಲಿಪರ್ ಇಲ್ಲದೆ ಚಕ್ರ ಕಟ್ಟಿದಾಗ ಅದು ಹಗುರಾಗಿ ತಿರುಗಿತು. ಅಪ್ಪನಿಗೆ ಅಷ್ಟಕ್ಕೇ ತೃಪ್ತಿ. ನನಗೆ ಸುತ್ತಿಗೊಮ್ಮೆಯ ಸದ್ದು ಬಾಕಿಯಿತ್ತು.

ಸಣ್ಣ ಏರುಪೇರನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ನಮ್ಮ ಮಾಲೀಕರ ಅನುಮತಿ ಪಡೆದು ಶನಿವಾರವೇ ತಂದಿದ್ದೆ. ಆದರೆ ಶಾಕ್‌ನ ಕೆಳಗಿನ ಕಾಲು ಅಲ್ಯೂಮಿನಿಯಂ, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಅದಕ್ಕೆ ಹಿಡಿಯುವುದಿಲ್ಲ. ಸ್ಟ್ಯಾಂಡನ್ನು ನೆಲದ ಮೇಲಿಟ್ಟರೆ ಬೈಕು ಅಲುಗಿದಷ್ಟೂ ಮುಳ್ಳು ಅಲುಗುತ್ತದೆ, ಆ ಅಳತೆಯನ್ನು ನಂಬುವಂತಿಲ್ಲ. ಕ್ಯಾಲಿಪರ್ ಬಿಚ್ಚಿದ್ದರಿಂದ ಖಾಲಿಯಾಗಿದ್ದ ಎರಡು ತೂತುಗಳಿಗೆ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟ್ ಮಾಡಿ ಅದರ ಮೇಲೆ ಸ್ಟ್ಯಾಂಡ್ ಕೂರಿಸಿದೆ. ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ ಸ್ವಲ್ಪ ಒಳಗೆ, ತೂತುಗಳು ಸಿಗದ ವೃತ್ತದಲ್ಲಿ ಇಡಬೇಕು. ಇಲ್ಲದಿದ್ದರೆ ಪ್ರತಿ ತೂತಿಗೂ ಮುಳ್ಳು ಜಿಗಿಯುತ್ತದೆ. ಚಕ್ರವನ್ನು ಟಯರ್ ಹಿಡಿದು ನಿಧಾನಕ್ಕೆ ಒಂದು ಸುತ್ತು ಒಯ್ದೆ. ಅತಿ ಕಡಿಮೆಗೂ ಅತಿ ಹೆಚ್ಚಿಗೂ ನಡುವೆ 0.42 ಮಿ.ಮೀ. ಬಹುತೇಕ ಬೈಕುಗಳ ಕೈಪಿಡಿಗಳು ಈ ಓಲಾಟಕ್ಕೆ ಕೊಡುವ ಮಿತಿ ಸುಮಾರು 0.3. ಡಯಲ್ ಗೇಜ್ ಇಲ್ಲದವರು ಒಂದು ಕೇಬಲ್ ಟೈ ಅನ್ನು ಶಾಕ್‌ನ ಕಾಲಿಗೆ ಕಟ್ಟಿ, ಅದರ ತುದಿಯನ್ನು ಡಿಸ್ಕಿಗೆ ಮುಟ್ಟುವಂತೆ ಮುಟ್ಟದಂತೆ ಕತ್ತರಿಸಿ, ಎಲ್ಲಿ ಉಜ್ಜುತ್ತದೆ ಎಂದು ನೋಡಬಹುದು. ಅಂಕಿ ಸಿಗುವುದಿಲ್ಲ, ಜಾಗ ಸಿಗುತ್ತದೆ. ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇದ್ದರೆ ಅಂಕಿಯೂ ಹೆಚ್ಚುಕಡಿಮೆ ಸಿಗುತ್ತದೆ.

“ನೋಡು, ಡಿಸ್ಕೇ ಬೆಂಡು ಎಂದು ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ” ಎಂದರು ಅಪ್ಪ. ಗೆಲುವಿನ ದನಿ. ಹಲಗೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ಎರಡು ಬಡಿದರೆ ನೇರವಾಗುತ್ತದೆ ಎಂಬ ಸಲಹೆಯನ್ನೂ ಸೇರಿಸಿದರು. ಬಡಿದು ನೇರ ಮಾಡಿದ ಡಿಸ್ಕಿನಲ್ಲಿ ಒಂದು ಬೆಂಡು ಇದ್ದಲ್ಲಿ ಮೂರಾಗುತ್ತವೆ. ಲೇತ್‌ನಲ್ಲಿ ಕಟ್ ಹೊಡೆಸುವುದೂ ಕಾರಿನ ದಪ್ಪ ಎರಕದ ಕಬ್ಬಿಣದ ಡಿಸ್ಕಿಗೆ ನಡೆಯಬಹುದು. ಬೈಕಿನದು 4 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಉಕ್ಕು, ಕನಿಷ್ಠ ಮಿತಿಗೂ ಅದಕ್ಕೂ ಇರುವ ಅಂತರವೇ ಅರ್ಧ ಮಿಲಿಮೀಟರ್. ಲೇತ್‌ನ ಹಿಡಿತವಾದ ಚಕ್ ಬಿಗಿದಾಗಲೇ ಆ ತೆಳು ತಟ್ಟೆ ಸೊಟ್ಟಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 0.42 ಓಲಾಟ ಡಿಸ್ಕಿನದೇ ಎಂದು ಗೇಜ್ ಹೇಳಿರಲಿಲ್ಲ. ಡಿಸ್ಕ್ ಚಕ್ರದ ಮೇಲೆ ಕುಳಿತಿರುವಾಗ ಹೀಗಿದೆ ಎಂದಷ್ಟೇ ಹೇಳಿತ್ತು.

ಡಿಸ್ಕ್, ಹಬ್ ಇಬ್ಬರಲ್ಲಿ ಯಾರು ತಪ್ಪಿತಸ್ಥರು ಎಂದು ತಿಳಿಯಲು ಯಾವ ದುಬಾರಿ ಉಪಕರಣವೂ ಬೇಡ, ಒಂದು ಸೀಮೆಸುಣ್ಣ ಸಾಕು. ಅತಿ ಎತ್ತರ ಬಂದ ಜಾಗವನ್ನು ಡಿಸ್ಕಿನ ಮೇಲೂ ಅದರ ನೇರಕ್ಕೆ ಹಬ್ಬಿನ ಮೇಲೂ ಗುರುತು ಮಾಡಿ. ಡಿಸ್ಕ್ ಬಿಚ್ಚಿ, ಒಂದು ಬೋಲ್ಟ್ ತೂತಿನಷ್ಟು ಸುತ್ತಿಸಿ, ಮತ್ತೆ ಬಿಗಿದು ಅಳೆಯಿರಿ. ಎತ್ತರದ ಜಾಗ ಡಿಸ್ಕಿನ ಗುರುತಿನೊಂದಿಗೆ ಸರಿದರೆ ದೋಷ ಡಿಸ್ಕಿನದು. ಹಬ್ಬಿನ ಗುರುತಿನಲ್ಲೇ ಉಳಿದರೆ ಹಬ್ಬಿನದು. ನಮ್ಮದು ಹಬ್ಬಿನ ಗುರುತಿನಲ್ಲೇ, ಟಯರಿನ ವಾಲ್ವ್ ಇರುವ ಕಡೆಯಲ್ಲೇ ಉಳಿಯಿತು.

ಡಿಸ್ಕ್ ಕೂರುವ ಮುಖವನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಕಾರಣ ಎದುರಿಗೇ ಇತ್ತು. ಹಳೆಯ ಬೋಲ್ಟುಗಳು ಸಡಿಲವಾಗದಂತೆ ಹಚ್ಚಿದ್ದ ಲಾಕ್ ಗಮ್ ಎರಡು ತೂತುಗಳ ನಡುವೆ ಹರಿದು ಒಣಗಿ, ಅದರ ಮೇಲೆ ಕೆಂಪು ಮಣ್ಣು ಕೂತು, ಹೆಪ್ಪುಗಟ್ಟಿದ ಸಣ್ಣ ದಿಬ್ಬ. ಅದರ ಮೇಲೆಯೇ ಹೊಸ ಡಿಸ್ಕ್ ಬಿಗಿದಿದ್ದರು. ಬೋಲ್ಟುಗಳ ವೃತ್ತ ಚಿಕ್ಕದು, ಡಿಸ್ಕ್ ಅದರ ಎರಡು ಪಟ್ಟಿಗೂ ಹೆಚ್ಚು ಅಗಲ. ಅಲ್ಲಿ ಕಾಗದದ ದಪ್ಪದಷ್ಟು ಏರಿದ್ದು ಅಂಚಿಗೆ ಹೋಗುವಷ್ಟರಲ್ಲಿ ಎರಡು ಪಟ್ಟಿಗೂ ಮಿಕ್ಕಿ ಬೆಳೆದಿರುತ್ತದೆ. ಗುತ್ತಿಗೆಗೆ ಬಂದ ಕೆಲಸವನ್ನು ಬೇಗ ಮುಗಿಸಬೇಕಾದ ಒತ್ತಡ ಎಲ್ಲ ಗ್ಯಾರೇಜುಗಳಿಗೂ ಇರುತ್ತದೆ, ಒಪ್ಪುತ್ತೇನೆ. ಆದರೆ ಹಬ್ಬಿನ ಮುಖ ಒರೆಸಲು ಬೇಕಾದ ಸಮಯ, ಗಿರಾಕಿಗೆ ‘ಡಿಸ್ಕ್ ಬೆಂಡು’ ಎಂದು ವಿವರಿಸಲು ಬೇಕಾದ ಸಮಯಕ್ಕಿಂತ ಕಡಿಮೆ.

ಹಬ್ ಅಲ್ಯೂಮಿನಿಯಂ, ಮೆತ್ತಗಿನ ಲೋಹ. ಅರ ಹಾಕಬಾರದು. ಹಿತ್ತಾಳೆ ಬ್ರಷ್, ಸ್ವಲ್ಪ ಥಿನ್ನರ್, ಗಟ್ಟಿ ಪ್ಲಾಸ್ಟಿಕ್ ಚೂರು, ಸಮಾಧಾನ ಇಷ್ಟಿದ್ದರೆ ಸಾಕು. ಬೋಲ್ಟ್ ತೂತುಗಳ ಒಳಗಿನ ಹಳೆಯ ಗಮ್ಮನ್ನೂ ತೆಗೆಯಬೇಕು, ಇಲ್ಲದಿದ್ದರೆ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಬೋಲ್ಟುಗಳನ್ನು ಹೊಸದು ತಂದೆ. ಡಿಸ್ಕ್ ಬೋಲ್ಟನ್ನು ಬಿಚ್ಚಿದಾಗಲೆಲ್ಲ ಬದಲಿಸಿ ಎಂದು ಕೆಲವು ಕಂಪನಿಗಳ ಕೈಪಿಡಿಗಳೇ ಹೇಳುತ್ತವೆ. ನೀಲಿ ಬಣ್ಣದ ಮಧ್ಯಮ ಬಲದ ಲಾಕ್ ಗಮ್ ಒಂದು ಹನಿ, ದಾರಕ್ಕೆ ಮಾತ್ರ, ಮುಖಕ್ಕೆ ಹರಿಯುವಷ್ಟಲ್ಲ. ನಂತರ ಒಂದರ ಪಕ್ಕದ್ದನ್ನು ಬಿಗಿಯದೆ ಎದುರುಬದುರು ಬಿಗಿಯುತ್ತಾ, ಮೊದಲು ಹಗುರವಾಗಿ, ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ. ಗೇಜ್ ಮತ್ತೆ ಇಟ್ಟಾಗ ಓಲಾಟ 0.07. ಅಪ್ಪ ಕನ್ನಡಕ ಹಾಕಿಕೊಂಡು ಬಂದು ಮುಳ್ಳು ನೋಡಿದರು, ಏನೂ ಹೇಳಲಿಲ್ಲ, ಚಹಾ ಮಾಡಲು ಒಳಗೆ ಹೋದರು. ಅದನ್ನು ನಾನು ಕ್ಷಮಾಪಣೆ ಎಂದು ಸ್ವೀಕರಿಸಿದೆ, ಡಿಸ್ಕಿನ ಪರವಾಗಿ.

ಉಳಿದದ್ದು ಕ್ಯಾಲಿಪರ್. ಇದು ಪಿಸ್ಟನ್ ಒಂದೇ ಕಡೆ ಇರುವ ಜಾರುವ ಕ್ಯಾಲಿಪರ್. ಪಿಸ್ಟನ್ ತನ್ನ ಕಡೆಯ ಪ್ಯಾಡನ್ನು ತಳ್ಳುತ್ತದೆ, ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಎದುರು ಕಡೆಯ ಪ್ಯಾಡನ್ನು ಎಳೆದು ತರುತ್ತದೆ. ಡಿಸ್ಕ್ ಸ್ವಲ್ಪ ಆಚೀಚೆ ಇದ್ದರೂ ಪಿನ್ನು ನಯವಾಗಿದ್ದರೆ ಕ್ಯಾಲಿಪರ್ ತಾನೇ ನಡುವೆ ಬಂದು ನಿಲ್ಲುತ್ತದೆ. ನಮ್ಮ ಕ್ಯಾಲಿಪರಿನ ಒಂದು ಪಿನ್ನು ಒಣಗಿತ್ತು, ಇನ್ನೊಂದಕ್ಕೆ ಯಾವ ಕಾಲದಲ್ಲೋ ಬೇರಿಂಗಿನ ಕೆಂಪು ಗ್ರೀಸ್ ಮೆತ್ತಿದ್ದರು. ಪೆಟ್ರೋಲಿಯಂ ಗ್ರೀಸ್ ತಗುಲಿದರೆ ರಬ್ಬರ್ ಉಬ್ಬುತ್ತದೆ, ಉಬ್ಬಿದ ರಬ್ಬರ್ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಒರೆಸಿ, ಪಿನ್ನಿನ ರಬ್ಬರ್ ಹೊದಿಕೆಯಾದ ಬೂಟ್ ಬದಲಿಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆ. ಪಿಸ್ಟನ್ ಹೊರಮೈಯ ಕಪ್ಪನ್ನು ತೊಳೆದು ಹಿಂದಕ್ಕೆ ಒತ್ತಿದೆ. ಹಾಗೆ ಒತ್ತುವ ಮೊದಲು ಹ್ಯಾಂಡಲ್ ಬಳಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಎಷ್ಟಿದೆ ನೋಡಬೇಕು. ಸವೆದ ಪ್ಯಾಡಿನ ಕಾಲದಲ್ಲಿ ಯಾರಾದರೂ ತುಂಬಿಸಿಟ್ಟಿದ್ದರೆ ಅದು ಉಕ್ಕಿ ಟ್ಯಾಂಕಿನ ಬಣ್ಣ ತಿನ್ನುತ್ತದೆ.

ಬ್ರೇಕ್ ಉಜ್ಜಿಕೊಂಡೇ ಓಡಿದರೆ ಏನಾಗುತ್ತದೆ, ಸ್ವಲ್ಪ ಪೆಟ್ರೋಲ್ ಹೆಚ್ಚು ಹೋಗುತ್ತದೆ ಅಷ್ಟೇ ತಾನೇ ಎಂದು ಕೇಳುವವರಿಗೆ ಎರಡು ಅಂಕಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದಲೇ ತೇವ ಹೀರುತ್ತದೆ, ಬೆಳಗಾವಿಯ ಮಳೆಗಾಲದಲ್ಲಿ ಗಾಳಿಗೆ ತೇವದ ಬರವಿಲ್ಲ. ಉಜ್ಜುತ್ತಾ ಬಿಸಿಯಾದ ಬ್ರೇಕಿನೊಂದಿಗೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಲು ಹೊರಟರೆ, ಆಯಿಲ್ ಕುದಿದು ಆವಿಯಾದ ಕ್ಷಣ ಲಿವರ್ ಹಿಡಿಕೆಗೆ ಬಂದು ಮುಟ್ಟುತ್ತದೆ, ಬೈಕು ನಿಲ್ಲುವುದಿಲ್ಲ.

ಜೋಡಣೆಯ ಕೊನೆಯಲ್ಲಿ ಕ್ರಮ ತಪ್ಪಬಾರದು. ಆ್ಯಕ್ಸಲ್ ನಟ್ ಪೂರ್ತಿ ಬಿಗಿಯಬೇಕು, ಆದರೆ ಶಾಕ್‌ನ ಬುಡದಲ್ಲಿ ಆ್ಯಕ್ಸಲ್ ಅನ್ನು ಹಿಡಿಯುವ ಪಿಂಚ್ ಬೋಲ್ಟ್ ಸಡಿಲವಾಗಿಯೇ ಇರಬೇಕು. ಕ್ಯಾಲಿಪರ್ ಕಟ್ಟಿ, ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಬೇಕು. ಇದನ್ನು ಮರೆತು ರಸ್ತೆಗಿಳಿದವರು ಮೊದಲ ತಿರುವಿನಲ್ಲೇ ನೆನಪಿಸಿಕೊಳ್ಳುತ್ತಾರೆ. ನಂತರ ಬೈಕನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಭಾರ ಹಾಕಿ ಶಾಕ್ ಅನ್ನು ಹಲವು ಸಲ ಒತ್ತಿ ಬಿಡಬೇಕು.

“ಇದೇನವ್ವಾ, ಬೈಕಿಗೆ ಬಸ್ಕಿ ಹೊಡೆಸುತ್ತಿದ್ದೀಯಾ?” ಎಂದರು ಅಪ್ಪ, ಚಹಾ ಲೋಟ ಹಿಡಿದು.

ಬಸ್ಕಿಯೇ. ಸಡಿಲವಿರುವ ಕಾಲು ಆ್ಯಕ್ಸಲ್ ಮೇಲೆ ಜಾರಿ, ಇನ್ನೊಂದು ಕಾಲಿಗೆ ಸಮಾನಾಂತರವಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಪಿಂಚ್ ಬೋಲ್ಟ್ ಬಿಗಿದರೆ ಆ ಜಾಗದಲ್ಲೇ ನಿಲ್ಲುತ್ತದೆ. ಮೊದಲೇ ಬಿಗಿದರೆ ಓರೆ ಇದ್ದದ್ದು ಓರೆಯಾಗಿಯೇ ಉಳಿಯುತ್ತದೆ, ಮತ್ತೆ ಪ್ಯಾಡ್ ಉಜ್ಜುತ್ತದೆ, ಮತ್ತೆ ಅಪವಾದ ಡಿಸ್ಕಿಗೆ. ಮುಂದಿನ ಚಕ್ರಕ್ಕೆ ಹಿಂದಿನ ಚಕ್ರದ ಚೈನ್ ಅಡ್ಜಸ್ಟರಿನಂಥ ತಿರುಪು ಇಲ್ಲ. ಭಾಗಗಳು ಶುಚಿಯಾಗಿ, ಸರಿಯಾದ ಕ್ರಮದಲ್ಲಿ ಕೂತರೆ ಅಲೈನ್‌ಮೆಂಟ್ ತಾನಾಗಿ ಬರುತ್ತದೆ.

ಹ್ಯಾಂಡಲ್ ನೇರವಿದ್ದಾಗ ಚಕ್ರ ಕೊಂಚ ಬಲಕ್ಕೆ ನೋಡುತ್ತಿರುವುದು ಆಗ ಕಣ್ಣಿಗೆ ಬಿತ್ತು. ಇದು ಡಿಸ್ಕಿನ ಕಥೆಯಲ್ಲ, ಹಿಂದೊಮ್ಮೆ ಅಪ್ಪ ಕೆಸರಿನಲ್ಲಿ ಜಾರಿ ಬಿದ್ದದ್ದರ ಸಾಕ್ಷಿ. ಹಿಂದಿನ ಟಯರಿನ ಎರಡೂ ಬದಿಗೆ ತಾಗಿಸಿ ನೂಲು ಎಳೆದು ಮುಂದಕ್ಕೆ ತಂದರೆ, ಮುಂದಿನ ಟಯರ್ ಸಣ್ಣದಾದ್ದರಿಂದ ಎರಡೂ ಕಡೆ ಸಮಾನ ಸಂದು ಉಳಿಯಬೇಕು. ಶಾಕ್‌ನ ಕೆಳಗಿನ ಕ್ಲ್ಯಾಂಪನ್ನೂ ಆ್ಯಕ್ಸಲ್ಲನ್ನೂ ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿದಾಗ ಸಂದು ಸಮವಾಯಿತು. ಬಸ್ಕಿ ಇನ್ನೊಮ್ಮೆ ಹೊಡೆಸಿ ಎಲ್ಲ ಬಿಗಿದೆ.

ಹೊಸ ಡಿಸ್ಕ್, ಹೊಸ ಪ್ಯಾಡ್ ಒಂದಕ್ಕೊಂದು ಪಳಗಬೇಕು. ಮರುದಿನ ಬೆಳಿಗ್ಗೆ ಜನ ಏಳುವ ಮೊದಲು ಯಳ್ಳೂರು ರಸ್ತೆಯಲ್ಲಿ, ರಾಜಹಂಸಗಡದ ಕಡೆಗೆ ಹೋದೆ. ಐವತ್ತರ ವೇಗಕ್ಕೆ ಏರಿಸಿ, ಮುಂದಿನ ಬ್ರೇಕನ್ನು ಹದವಾಗಿ ಹಿಡಿದು, ಪೂರ್ತಿ ನಿಲ್ಲಿಸದೆ ಹದಿನೈದಕ್ಕೆ ಇಳಿಸುವುದು, ಸ್ವಲ್ಪ ದೂರ ಹಾಗೇ ಓಡಿಸಿ ತಣಿಯಲು ಬಿಡುವುದು, ಮತ್ತೆ ಅದೇ. ಬಿಸಿ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಅಲ್ಲಿ ಪ್ಯಾಡಿನ ಅಚ್ಚು ಕೂರುತ್ತದೆ, ಲಿವರ್ ಮತ್ತೆ ಮಿಡಿಯುತ್ತದೆ. ಮೀಟರ್ ಮುಳ್ಳು ಈ ಸಲ ನನ್ನ ಜೊತೆಗಿತ್ತು.

ಇನ್ನು ತಮ್ಮನ ಬೈಕು ಸಾಲಿನಲ್ಲಿದೆ, ಅದು ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಇರುವುದು. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದದ್ದರಿಂದ ಈಗಿನ ಹಲವು ಓದುಗರ ಬೈಕು ಅಂಥದ್ದೇ ಇರಬಹುದು. ಅದರಲ್ಲಿ ಡಿಸ್ಕ್ ಬಿಚ್ಚುವಾಗ ಸೀಳುಸೀಳಾದ ಒಂದು ಉಂಗುರ ಕಣ್ಣಿಗೆ ಬೀಳುತ್ತದೆ. ಚಕ್ರದ ವೇಗವನ್ನು ಸೆನ್ಸರ್ ಓದುವುದು ಅದರಿಂದಲೇ, ಆದ್ದರಿಂದ ಅದನ್ನು ನೆಲಕ್ಕೆ ಬೀಳಿಸಬೇಡಿ, ಬಾಗಿಸಬೇಡಿ, ಸೆನ್ಸರಿನ ಮೊನೆಯನ್ನು ಒರೆಸಿ, ನಡುವಿನ ಸಂದನ್ನು ಫೀಲರ್ ಗೇಜಿನಿಂದ ಕೈಪಿಡಿಯ ಅಳತೆಗೆ ಹೋಲಿಸಿ. ಜೋಡಿಸಿ ಓಡಿಸಿದ ಮೇಲೆ ಎಬಿಎಸ್ ದೀಪ ಆರದಿದ್ದರೆ ಮೊದಲು ನೋಡಬೇಕಾದದ್ದು ಆ ಉಂಗುರವನ್ನು ಮತ್ತು ಸೆನ್ಸರ್ ವೈರ್ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು. ತಮ್ಮ ಈಗಾಗಲೇ ಡಿಸ್ಕ್ ಬೆಂಡಾಗಿದೆ ಎನ್ನುತ್ತಿದ್ದಾನೆ.